ಕಾಕಾನ ಹೊಂಡ

"ಮಾಮಾ, ಸನ್ನತಿ ಮನಿ ಹಿತ್ತಲದಾಗ ನಿಮ್ಮದೊಂದು ಮೀನಿನ ಹೊಂಡ ಇತ್ತಂತಲ್ಲ, ಅದರ ನೀರು ಯಾಕ ನಾರ್ತಿದ್ದಿಲ್ಲ?"

ಸೇಡಂನಿಂದ ಅಕ್ಕನ ಮಗ ವಾಟ್ಸಾಪಿನಲ್ಲಿ ಕೇಳಿದ್ದು ಇಷ್ಟೇ. ಹಿಂದೆಯೇ ಒಂದು ವಿಡಿಯೊ ಬಂತು. ಹೊಸ ಮನೆಯ ಹಿಂದೆ ಕಂಪೌಂಡ್ ಗೋಡೆಗೆ ಹತ್ತಿ ತೊಡೆಯುದ್ದದ ಗುಂಡಿ, ಅದಕ್ಕೆ ಹಾಸಿದ ನೀಲಿ ತಾಡಪಾಲು, ಹಾರದಂತೆ ಅಂಚಿಗೆ ಇಟ್ಟಿಗೆ. ನೀರು ಬೇಳೆ ಬಸಿದ ಕಟ್ಟಿನ ಹಾಗೆ ಮಬ್ಬಾಗಿತ್ತು. ಅಂಗಡಿಯಿಂದ ತಂದ ಬಣ್ಣದ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ನಿಂತಿದ್ದವು. ಪ್ರತಿ ಭಾನುವಾರ ನೀರೆಲ್ಲ ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ, ಮತ್ತೆ ತುಂಬುತ್ತಾನಂತೆ. ಬುಧವಾರದ ಹೊತ್ತಿಗೆ ನಾತ ಶುರು. "ಇಷ್ಟು ಸ್ವಚ್ಛ ಇಟ್ಟರೂ ಯಾಕ ಹಿಂಗ ಆಗ್ತದ?" ಎಂದು ಅವನ ಸಂಕಟ.

ಉತ್ತರ ಬರೆಯಲು ಕೂತೆ. ನನಗೆ ಗೊತ್ತಿದ್ದ ಉತ್ತರವೆಂದರೆ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತ ಬಂದದ್ದು: "ಕಾಕಾ ಕಟ್ಟಿದ್ದ ಹೊಂಡ, ಅದಕ್ಕ." ಅದನ್ನೇ ಬರೆದು ಕಳಿಸುವ ಮೊದಲು, ಯಾಕೋ, ಅಕ್ಕನಿಗೊಂದು ಫೋನ್ ಮಾಡಿದೆ. ಆಕೆ ನಕ್ಕಳು. ಆ ನಗುವಿನ ಮೇಲೆ ಈ ಬರಹ ನಿಂತಿದೆ. ಆದರೆ ಮೊದಲು ಕಾಕಾ.

ಚಿತ್ತಾಪುರ ತಾಲ್ಲೂಕಿನ ಅಂಚಿಗೆ, ಭೀಮೆಯ ದಂಡೆಗೆ ನಮ್ಮೂರು. ಹೊನಗುಂಟಾದ ಹತ್ತಿರ ಕಾಗಿಣಾ ಬಂದು ಕೂಡಿಕೊಂಡ ಮೇಲೆ ಭೀಮೆ ನಮ್ಮ ಕಡೆ ಬರುತ್ತಾಳೆ. ಹೊರಗಿನವರಿಗೆ ಸನ್ನತಿ ಎಂದರೆ ಚಂದ್ರಲಾಂಬೆ; ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಒಕ್ಕಲಿನವರು ಬಂದು ಹೋಗುವ ಗುಡಿ. ನಮಗೆ ಸನ್ನತಿ ಎಂದರೆ ಕೆಳಗೆ ಎರೆಮಣ್ಣು, ಅದರ ಕೆಳಗೆ ಕಲ್ಲು. ಎರೆ ತೊಗರಿ, ಜೋಳ ಕೊಡುತ್ತದೆ. ಕಲ್ಲು ಕೂಲಿ ಕೊಡುತ್ತದೆ. ಭೀಮೆಯ ಕೊಳ್ಳದ ಈ ಸುಣ್ಣಕಲ್ಲು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಶಹಾಬಾದಿನ ಖಣಿಗಳಲ್ಲಿ ಅದನ್ನು ಎಬ್ಬಿಸಿ ಚೌಕ ಕತ್ತರಿಸಿದರೆ ಫರಸಿ. ವಾಡಿಯಲ್ಲಿ, ಸೇಡಂನಲ್ಲಿ ಅದನ್ನೇ ಪುಡಿ ಮಾಡಿ ಸುಟ್ಟರೆ ಸಿಮೆಂಟು. ನಮ್ಮ ಸೀಮೆಯ ಗಂಡಸರಲ್ಲಿ ಅರ್ಧ ಜನ ಈ ಕಲ್ಲನ್ನು ಒಂದಲ್ಲ ಒಂದು ರೂಪದಲ್ಲಿ ಹೊತ್ತವರೇ.

ಕಾಕಾ ಶಹಾಬಾದಿನ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ. ಅಪ್ಪನ ತಮ್ಮ. ಸೋಮವಾರ ನಸುಕಿಗೆ ಹೋದವನು ಶನಿವಾರ ಸಂಜೆ ಬರುತ್ತಿದ್ದ. ತಲೆಗೂದಲು, ಹುಬ್ಬು, ಕಿವಿಯ ಮೇಲಿನ ರೋಮವೆಲ್ಲ ಬೂದಿ ಬಣ್ಣ. ಪದರದ ಸಂದಿಗೆ ಸಾಲಾಗಿ ಉಳಿ ನಿಲ್ಲಿಸಿ, ಒಂದೊಂದಕ್ಕೂ ಹಗುರಾಗಿ ಏಟು ಕೊಡುತ್ತ ಈ ತುದಿಯಿಂದ ಆ ತುದಿಗೆ ಹೋಗಿ ಬರುವುದು, ಮತ್ತೆ ಮೊದಲಿಂದ. ಅವಸರ ಮಾಡಿ ಒಂದೇ ಕಡೆ ಜೋರಾಗಿ ಹೊಡೆದರೆ ಕಲ್ಲು ಅಡ್ಡ ಒಡೆದು ದಿನದ ಕೂಲಿ ಹೋಯಿತು. ಎಬ್ಬಿಸಿದ ಹಾಸುಗಲ್ಲನ್ನು ಗೆಣ್ಣಿನಿಂದ ಬಡಿದು ನೋಡುತ್ತಿದ್ದ. ಠಣ್ ಎಂದರೆ ಗಟ್ಟಿ. ದಬ್ ಎಂದರೆ ಒಳಗೆ ಎಲ್ಲೋ ಬಿರುಕಿದೆ. ನನ್ನ ಕಿವಿಯನ್ನು ಕಲ್ಲಿಗೆ ಹಚ್ಚಿಸಿ ಅದನ್ನು ಕಲಿಸಿದವನು ಅವನೇ. ಇವತ್ತಿಗೂ ಯಾರದೇ ಹೊಸ ಮನೆಗೆ ಹೋದರೂ ನೆಲಕ್ಕೊಮ್ಮೆ ಗೆಣ್ಣು ತಾಗಿಸದೆ ಬರಲಾರೆ.

ಹೊಂಡ ಕಟ್ಟಿದ್ದು ಯಾಕೆ ಎಂದರೆ, ಮೀನಿನ ಮೇಲಿನ ಪ್ರೀತಿಯಿಂದಲ್ಲ. ನಮ್ಮ ಮನೆಯಲ್ಲಿ ಮೀನು ತಿನ್ನುತ್ತಿರಲಿಲ್ಲ. ಖಣಿಯಲ್ಲಿ ಮೂಲೆ ಮುರಿದು ಮಾರಾಟಕ್ಕೆ ಬಾರದ ಹಾಸುಗಲ್ಲು ಒಂದಿಷ್ಟು ಉಳಿದಿದ್ದವು. ಸಿಮೆಂಟು ನಮ್ಮ ಕಡೆ ದುರ್ಲಭ ವಸ್ತುವೇನಲ್ಲ. ಶಹಾಬಾದಿನಲ್ಲಿ ಯಾವನೋ ಸಾಹೇಬನ ಬಂಗಲೆಯ ಮುಂದೆ ಮೀನಿನ ಹೊಂಡ ನೋಡಿ ಬಂದಿದ್ದನಂತೆ. ನಮ್ಮ ಹಿತ್ತಲಲ್ಲೂ ಒಂದಿರಲಿ ಎನಿಸಿತು. ಆಯಿ ಮಾತ್ರ ನೇರವಾಗಿ ಕೇಳಿದಳು: "ತಿನ್ನಲಾರದ ಮೀನ ಯಾಕ ಸಾಕ್ತೀಯೋ?" ಅದಕ್ಕೆ ಕಾಕಾ ಬೀಡಿ ಹಚ್ಚಿದ.

ಅವನು ಕಟ್ಟಿದ ರೀತಿಯನ್ನು ಮಾತ್ರ ಮೆಚ್ಚಲೇಬೇಕು. ಎರೆಮಣ್ಣಿನಲ್ಲಿ ಏನನ್ನಾದರೂ ಕಟ್ಟಿದವರಿಗೆ ಗೊತ್ತು, ಆ ಮಣ್ಣು ನಿಂತಲ್ಲಿ ನಿಲ್ಲುವುದಿಲ್ಲ. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಅಂಗೈ ಹೋಗುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ನೇರವಾಗಿ ಹಾಸುಗಲ್ಲು ಕೂರಿಸಿದರೆ ಒಂದೇ ವರ್ಷಕ್ಕೆ ಸಂದು ಬಿಟ್ಟು ನೀರು ಇಂಗಿಹೋಗುತ್ತದೆ. ಕಾಕಾ ಎರೆಯನ್ನು ಪೂರ್ತಿ ತೆಗೆದು ಕೆಳಗಿನ ಗಟ್ಟಿ ಗರಸು ಸಿಗುವ ತನಕ ಅಗೆದ. ಸುತ್ತಲೂ ಗೇಣಗಲ ಹೆಚ್ಚಿಗೆ ಅಗೆದು, ಕಲ್ಲಿನ ಗೋಡೆಗೂ ಎರೆಗೂ ನಡುವೆ ಕಲ್ಲುಚೂರು ತುಂಬಿದ. ಮಣ್ಣು ಉಬ್ಬಿದರೆ ಆ ಚೂರು ಅದನ್ನು ತಡೆದುಕೊಳ್ಳಲಿ ಎಂದು. ತಳಕ್ಕೆ ಒಂದೇ ದೊಡ್ಡ ಹಾಸು, ಒಂದು ಮೂಲೆಯ ಕಡೆ ಬೆರಳಷ್ಟು ಇಳಿಜಾರು. ಆರಡಿ ಉದ್ದ, ನಾಲ್ಕಡಿ ಅಗಲ, ಎರಡೂವರೆ ಅಡಿ ಆಳ. ಸಂದಿಗೆಲ್ಲ ಸಿಮೆಂಟು. ಕಡೆಗೆ, ಒಳಗಡೆ ಅಂಚಿನಿಂದ ನಾಲ್ಕು ಬೆರಳು ಕೆಳಗೆ, ಉಳಿಯಿಂದ ಒಂದು ಗೀಟು ಕೊರೆದ. ನೀರು ಈ ಗೀಟಿಗಿಂತ ಕೆಳಗೆ ಇಳಿಯಬಾರದು. ಇದು ಅವನ ಆಜ್ಞೆ. ಯಾರಿಗೆ ಎಂದು ಅವನು ಹೇಳಲಿಲ್ಲ. ಹೇಳುವ ಅಗತ್ಯ ಆ ಮನೆಯಲ್ಲಿ ಯಾರಿಗೂ ಕಾಣಲಿಲ್ಲ.

ಕಟ್ಟಿದ ಮರುದಿನವೇ ಮೀನು ಬಿಡಲು ಹೊರಟವನನ್ನು ತಡೆದದ್ದು ಹೊಳೆಯಲ್ಲಿ ಹರಗೋಲು ಹಾಕುತ್ತಿದ್ದ ಅಂಬಿಗರ ಮುತ್ಯಾ. ಆಚೆ ದಂಡೆಯ ಶಹಾಪುರ ಸೀಮೆಗೆ ಜನರನ್ನು ದಾಟಿಸುವುದು, ಉಳಿದ ಹೊತ್ತು ಬಲೆ ಬೀಸುವುದು ಆತನ ಕಸುಬು. ಹೊಂಡದ ನೀರಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು ಉಗುಳಿದ. "ಹಸಿ ಸಿಮೆಂಟ್ ಐತಿ. ಮೀನಿನ ಕಣ್ಣು ಬೆಳ್ಳಗಾಗಿ ಸಾಯ್ತಾವ. ತುಂಬ್ರಿ, ಚೆಲ್ರಿ, ತುಂಬ್ರಿ, ಚೆಲ್ರಿ. ಆಮ್ಯಾಲ ನೋಡೋಣು." ಹುಣಸೆಹಣ್ಣು ಕಿವುಚಿ ಹಾಕಿ ಎಂದೂ ಹೇಳಿದ. ಆತನ ಮಾತಿನಲ್ಲಿ ಸತ್ಯವಿತ್ತು. ಹೊಸ ಸಿಮೆಂಟಿನಿಂದ ಸುಣ್ಣ ಕರಗಿ ಇಳಿಯುತ್ತಿದ್ದರೆ ನೀರಿನ ಪಿಎಚ್ 11–12ರ ತನಕ ಏರುತ್ತದೆ. ಆ ಕ್ಷಾರದಲ್ಲಿ ಮೀನಿನ ಕಿವಿರು, ಕಣ್ಣು ಸುಟ್ಟಂತಾಗುತ್ತವೆ. ಹುಳಿ ಅದನ್ನು ಸ್ವಲ್ಪ ತಗ್ಗಿಸುತ್ತದೆ, ಬಾಳೆದಿಂಡು ಕೊಚ್ಚಿ ಹಾಕಿ ಕೊಳೆಸುವವರೂ ಇದ್ದಾರೆ. ಆದರೆ ನಿಜವಾಗಿ ಕೆಲಸ ಮಾಡುವುದು ತುಂಬಿ ಚೆಲ್ಲುವುದೇ. ಒಂದು ಹೊಂಡದಷ್ಟು ನೀರಿನಲ್ಲಿ ಒಂದು ಗಡಿಗೆ ಹುಣಸೆಹುಳಿ ಏನು ಮಾಡೀತು? ಆದರೂ ಊರಲ್ಲಿ ಹೆಸರು ಬಂದದ್ದು ಹುಣಸೆಗೆ. ಹೇಳಲು ಚೆನ್ನಾಗಿರುತ್ತದೆ ನೋಡಿ.

ತುಂಬಿ, ಚೆಲ್ಲಿ, ತುಂಬಿ, ಚೆಲ್ಲಿ. ಈ ನಾಲ್ಕು ಪದಗಳನ್ನು ಬರೆಯುವುದು ಎಷ್ಟು ಸುಲಭ. ಅದಕ್ಕೆ ಆಮೇಲೆ ಬರುತ್ತೇನೆ.

ಮೀನು ತಂದದ್ದು ಹುಡುಗರಾದ ನಾವು. ಆಗ ಭೀಮೆಗೆ ನಮ್ಮೂರ ಹತ್ತಿರ ಈಗಿನ ಬ್ಯಾರೇಜ್ ಇರಲಿಲ್ಲ. ಉಗಾದಿ ಕಳೆದರೆ ಹೊಳೆ ಹರಿಯುವುದು ನಿಂತು, ಬಂಡೆಗಳ ನಡುವೆ ಅಲ್ಲಲ್ಲಿ ಮಡುಗಳಾಗಿ ಉಳಿಯುತ್ತಿತ್ತು. ದಿನದಿನಕ್ಕೂ ಆ ಮಡು ಕುಗ್ಗಿ, ಒಳಗಿನ ಮೀನುಗಳೆಲ್ಲ ಒಂದರ ಮೇಲೊಂದು ಬಿದ್ದು, ಬೆಳ್ಳಕ್ಕಿಗಳ ಜಾತ್ರೆ ನೆರೆಯುತ್ತಿತ್ತು. ಮುತ್ಯಾನ ಹಳೆಯ ಧೋತರದ ಎರಡು ತುದಿ ನಾನು, ಎರಡು ತುದಿ ಗೆಳೆಯ ಹಿಡಿದು ಎಳೆದರೆ ಬೆರಳುದ್ದದ ಬೆಳ್ಳಿ ಮೀನು ಬುಟ್ಟಿ ತುಂಬ. ಕೊಡದಲ್ಲಿ ಹಾಕಿಕೊಂಡು ಓಡಿ ಬಂದು ಹೊಂಡಕ್ಕೆ ಸುರಿದೆವು. ಅವುಗಳ ನಡುವೆ ಹಾವಿನ ತಲೆಯ ಮೀನೊಂದು ಸೇರಿಕೊಂಡು ಬಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ದಿನಾ ಬೆಳಿಗ್ಗೆ ಲೆಕ್ಕದಲ್ಲಿ ಕಡಿಮೆ. ಬೆಕ್ಕಿಗೆ ಬೈಗಳು. ಒಂದು ದಿನ ಒಂದೇ ಮೀನು ಉಳಿಯಿತು, ಹೊಟ್ಟೆ ಉಬ್ಬಿಸಿಕೊಂಡು. ಅಂಬಿಗರ ಮುತ್ಯಾ ಅದನ್ನು ಸಂತೋಷವಾಗಿ ಒಯ್ದ. ಮಳೆ ಶುರುವಾದ ಮೇಲೆ ಅದರ ಬದಲಿಗೆ ಕಟ್ಲಾ, ರೋಹು ಮರಿಗಳನ್ನು ತಂದುಕೊಟ್ಟ. ಅವು ದೊಡ್ಡ ಕೆರೆಯ ಮೀನು; ನಮ್ಮ ಹೊಂಡದಲ್ಲಿ ಬೆಳೆಯುವಷ್ಟು ಬೆಳೆದು ನಿಂತವು. ಈಗ ನೋಡಿದರೆ ಅಷ್ಟು ಜಾಗದಲ್ಲಿ ಆ ಜಾತಿಯನ್ನು ಸಾಕುವುದೇ ತಪ್ಪು ಎನ್ನುತ್ತೇನೆ.

ಆ ಮರುವರ್ಷವೇ, 1986ರಲ್ಲಿ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಜೀರ್ಣೋದ್ಧಾರಕ್ಕೆಂದು ಮೂರ್ತಿ ಎತ್ತಿದರೆ ಪೀಠದ ಕಲ್ಲಿನ ಮೇಲೆ ಸಾಲು ಸಾಲು ಅಕ್ಷರ. ಅಶೋಕನ ಶಾಸನ. ಮೂರ್ತಿಯ ಬುಡ ಕೂರಿಸಲು ನಡುವೆ ತೂತು ಕೊರೆದಿದ್ದರಿಂದ ಒಂದಿಷ್ಟು ಅಕ್ಷರ ಹೋಗಿದ್ದವು. 1954ರಷ್ಟು ಹಿಂದೆಯೇ ಸಂಶೋಧಕ ಕಪಟರಾಳ ಕೃಷ್ಣರಾಯರು ನಮ್ಮೂರಲ್ಲಿ ಬೌದ್ಧ ಅವಶೇಷಗಳಿವೆ ಎಂದು ತೋರಿಸಿಕೊಟ್ಟಿದ್ದರಾದರೂ, ಊರವರಿಗೆ ಅವು ಕೂತು ಹರಟೆ ಹೊಡೆಯುವ ಕಲ್ಲುಗಳೇ ಆಗಿದ್ದವು. ಈಗ ಜೀಪುಗಳು ಬರತೊಡಗಿದವು. ಮನೆಮನೆಯಲ್ಲಿ ಬಟ್ಟೆ ಒಗೆಯುವ ಕಲ್ಲು, ಒರಳಿನ ಹಾಸು, ಹೊಸ್ತಿಲ ಮೆಟ್ಟಿಲು ಎಲ್ಲವನ್ನೂ ಜನ ತಿರುವಿ ಹಾಕಿ ನೋಡಿದರು. ನಮ್ಮ ಕಾಕಿ ಬಟ್ಟೆ ಒಗೆಯುವ ಕಲ್ಲನ್ನು ಹಾರಿ ಹಾಕಿ ಮಗುಚಿದಳು. ಕೆಳಗೆ ಬಸವನಹುಳು, ಒಂದು ಚೇಳು. ಕಲ್ಲು ನೋಡಲು ಬಂದಿದ್ದ ಸಾಹೇಬರೊಬ್ಬರು ನಮ್ಮ ಹಿತ್ತಲಿಗೂ ಬಂದು, ಹೊಂಡದ ಒಳಗಿನ ಆ ಗೀಟನ್ನು ಕಂಡು, ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಇದು ನಾ ಕೊರೆದಿದ್ದು ಸಾಹೇಬ್ರ" ಎಂದ ಕಾಕಾ. ಸಂಭ್ರಮದಲ್ಲಿ ಎದೆ ಉಬ್ಬಿತ್ತು. 1994ರಿಂದ ಪಕ್ಕದ ಕನಗನಹಳ್ಳಿಯಲ್ಲಿ ಉತ್ಖನನ ನಡೆದು ಇಡೀ ಸ್ತೂಪವೇ ಹೊರಬಿದ್ದಾಗ, 'ರಾಯ ಅಸೋಕೋ' ಎಂದು ಹೆಸರು ಕೊರೆದ ಅಶೋಕನ ಶಿಲ್ಪವನ್ನು ನೋಡಲು ನನ್ನನ್ನು ಕರೆದುಕೊಂಡು ಹೋದದ್ದೂ ಕಾಕಾನೇ. ಎಲ್ಲರೂ ರಾಜನನ್ನು ನೋಡುತ್ತಿದ್ದರೆ ಇವನು ಸುಣ್ಣಕಲ್ಲಿನ ಚಪ್ಪಡಿಯ ಅಂಚಿನ ಮೇಲೆ ಕೈಯಾಡಿಸಿ, "ನಮ್ಮ ಕಲ್ಲೇ ಇದು. ಎಷ್ಟು ಛಲೋ ಎಬ್ಬಿಸ್ಯಾರ ನೋಡು" ಎಂದಿದ್ದ. ಎರಡು ಸಾವಿರ ವರ್ಷದ ಹಿಂದಿನ ಕೂಲಿಯವನನ್ನು ಅವನು ತನ್ನ ಖಣಿಯವನಂತೆಯೇ ಮಾತಾಡಿಸಿದ. ಅವನ ಬಗ್ಗೆ ನನಗಿರುವ ಪ್ರೀತಿಯೆಲ್ಲ ಆ ಒಂದು ಮಾತಿನಲ್ಲಿದೆ.

ಹೊಂಡ ನಾರದಿರಲು ಕಾಕಾ ಕೊಡುತ್ತಿದ್ದ ಕಾರಣಗಳು ಮೂರು. ಕಲ್ಲು ತಂಪು. ಕಲ್ಲಿಗೆ ಹತ್ತಿದ ಪಾಚಿಯನ್ನು ಅವನು ಯಾರಿಗೂ ತಿಕ್ಕಲು ಬಿಡುತ್ತಿರಲಿಲ್ಲ. ಮತ್ತೆ, ತಾನು ಕಟ್ಟಿದ್ದು. ಎರಡನೆಯ ಕಾರಣ ಗಟ್ಟಿಯಾದದ್ದೇ. ಮೀನು ಉಸಿರಾಡಿ, ಹೇತು ಬಿಡುವ ಅಮೋನಿಯಾ ವಿಷ. ಅದನ್ನು ಒಂದು ಜಾತಿಯ ಸೂಕ್ಷ್ಮಜೀವಿ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಅದನ್ನು ಅಷ್ಟು ಕೆಡುಕಲ್ಲದ ನೈಟ್ರೇಟ್ ಮಾಡುತ್ತದೆ. ಅವು ನೆಲೆಸುವುದು ಕಲ್ಲಿನ ಮೇಲಿನ ಆ ಜಿಡ್ಡಿನಲ್ಲೇ, ಅದೂ ನಾಲ್ಕಾರು ವಾರ ಹಿಡಿಯುತ್ತದೆ. ನನ್ನ ಅಳಿಯ ಭಾನುವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರಿನಲ್ಲಿ ಕೊಲ್ಲುತ್ತಿರುವುದು ಇವುಗಳನ್ನೇ. ನಮ್ಮ ಸುಣ್ಣಕಲ್ಲಿನ ಸೀಮೆಯ ನೀರಿಗೆ ಇನ್ನೊಂದು ತೊಡಕಿದೆ. ಅದು ಗಡುಸು, ಕ್ಷಾರದ ಕಡೆಗೆ ವಾಲಿದ್ದು. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದಲ್ಲಿ ವಿಷರೂಪದ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಬೇಸಿಗೆಯ ಕಾವು ಅದನ್ನು ಇನ್ನಷ್ಟು ಏರಿಸುತ್ತದೆ. ಹಾಗಾಗಿ ಮಲೆನಾಡಿನ ಮೆದು ನೀರಿನಲ್ಲಿ ನಡೆದುಹೋಗುವ ಹೆಚ್ಚುವರಿ ಮೇವು ಸೇಡಂನಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಬರೆದು ಅಳಿಯನಿಗೆ ಕಳಿಸಬಹುದಿತ್ತು. ಆದರೆ ಪಾಚಿಯೊಂದೇ ಪೂರ್ತಿ ಉತ್ತರವಾಗುವುದಿಲ್ಲ. ನೈಟ್ರೇಟ್ ಎಲ್ಲಿಗೆ ಹೋಯಿತು? ಮುಚ್ಚಿದ ಕಲ್ಲಿನ ತೊಟ್ಟಿಯಲ್ಲಿ ವರ್ಷಗಟ್ಟಲೆ ಅದು ಸೇರುತ್ತಲೇ ಹೋಗಬೇಕಲ್ಲ? ನಾವು ಹುಡುಗರು ಹೊತ್ತು ಗೊತ್ತಿಲ್ಲದೆ ರೊಟ್ಟಿ ಚೂರು, ಶೇಂಗಾ ಹಿಂಡಿ ಎರಚುತ್ತಿದ್ದೆವು. ಪಂಪಿರಲಿಲ್ಲ, ಫಿಲ್ಟರಿರಲಿಲ್ಲ.

ಅಕ್ಕ ನಕ್ಕದ್ದು ಇಲ್ಲಿ.

"ಆ ಹೊಂಡದಾಗ ಒಂದು ದಿನದ ನೀರು ಮರುದಿನ ಇರ್ತಿತ್ತೇನೋ? ನಾನು, ಕಾಕಿ ಹೊತ್ತು ಹೊತ್ತು ಹಾಕ್ತಿದ್ದಿವಿ."

ನಡೆಯುತ್ತಿದ್ದುದು ಇಷ್ಟು. ಕಾಕಿ ಬೆಳಿಗ್ಗೆ ದನದ ಕೊಟ್ಟಿಗೆ ತೊಳೆಯಲು ಹತ್ತಿರದಲ್ಲಿದ್ದ ಹೊಂಡದಿಂದಲೇ ನೀರು ಮೊಗೆಯುತ್ತಿದ್ದಳು. ಹಿತ್ತಲ ಬದನೆ, ಪೇರಲ, ಕರಿಬೇವಿಗೂ ಅದೇ ನೀರು. ಮೀನಿನ ನೀರಿಗೆ ಬದನೆ ಚೆನ್ನಾಗಿ ಬರುತ್ತದೆಂದು ಆಕೆಗೆ ಯಾರೂ ಹೇಳಿರಲಿಲ್ಲ, ಗಿಡ ಹೇಳಿತ್ತು. ನೀರು ಗೀಟಿಗಿಂತ ಇಳಿಯುತ್ತಿತ್ತು. ಇಳಿದದ್ದು ಶನಿವಾರ ಕಾಕಾನ ಕಣ್ಣಿಗೆ ಬಿದ್ದರೆ ಮನೆಯಲ್ಲಿ ಗದ್ದಲ. ಅದಕ್ಕೆ ದಿನಾ ಇಳಿಸಿದಷ್ಟನ್ನು ದಿನಾ ತುಂಬುವುದು. ಐದಾರು ಕೊಡ. ಓಣಿಯ ಬಾವಿಯಿಂದ, ಬಾವಿ ಬತ್ತಿದರೆ ಹೊಳೆಯಿಂದ, ಹೊಳೆ ಬತ್ತಿದರೆ ಮರಳಿನಲ್ಲಿ ವರತಿ ತೋಡಿ, ತಂಬಿಗೆಯಿಂದ ಗೋರಿ ಗೋರಿ ತುಂಬಿಸಿ, ಹೊತ್ತು ತಂದು.

ಫೋನಿಟ್ಟ ಮೇಲೆ ಲೆಕ್ಕ ಹಾಕಿದೆ. ಆ ಅಳತೆಯ ಹೊಂಡಕ್ಕೆ ಸುಮಾರು 1700 ಲೀಟರ್. ಹಿತ್ತಾಳೆ ಕೊಡಕ್ಕೆ 14 ಲೀಟರ್ ಎಂದಿಟ್ಟರೂ ಒಮ್ಮೆ ತುಂಬಲು 120 ಕೊಡ. ಸಿಮೆಂಟಿನ ಸುಣ್ಣ ಹೋಗಲೆಂದು ಮುತ್ಯಾ ಹೇಳಿದ ಆ ತುಂಬಿ ಚೆಲ್ಲುವಿಕೆಯ ಒಂದೊಂದು ಸುತ್ತಿಗೂ 120 ಕೊಡ. ಹುಣಸೆಹುಳಿಯ ಕತೆ ಹೇಳುವಾಗ ನಮ್ಮಲ್ಲಿ ಯಾರೂ ಈ ಕೊಡಗಳ ಸುದ್ದಿ ತೆಗೆದದ್ದಿಲ್ಲ. ಇನ್ನು ದಿನದ ಆರು ಕೊಡ ಎಂದರೆ 84 ಲೀಟರ್, ಹೊಂಡದ ಇಪ್ಪತ್ತರಲ್ಲಿ ಒಂದು ಪಾಲು. ವಾರಕ್ಕೆ ಮೂರನೇ ಒಂದು ಭಾಗ ನೀರು ಬದಲು. ಈಗ ಮೀನು ಸಾಕುವವರಿಗೆ ತಿಳಿದವರು ಹೇಳುವುದು ಇದನ್ನೇ: ಎಲ್ಲ ನೀರನ್ನೂ ಒಮ್ಮೆಗೇ ಚೆಲ್ಲಬೇಡಿ, ಸ್ವಲ್ಪ ಸ್ವಲ್ಪ ತೆಗೆದು ಸ್ವಲ್ಪ ಸ್ವಲ್ಪ ಹಾಕಿ. ಅವರು ಹೇಳುವುದಕ್ಕಿಂತ ಹೆಚ್ಚನ್ನೇ ಕಾಕಿ ಮಾಡುತ್ತಿದ್ದಳು. ನೈಟ್ರೇಟೆಲ್ಲ ಬದನೆಕಾಯಿಯಾಗಿ ನಮ್ಮ ಹೊಟ್ಟೆಗೆ ಬರುತ್ತಿತ್ತು.

ಅಕ್ಕ ಇನ್ನೊಂದು ಹೇಳಿದಳು. ಒಂದು ಶ್ರಾವಣದಲ್ಲಿ ವಾರಗಟ್ಟಲೆ ಮೋಡ ಕವಿದು ಜಿಟಿಜಿಟಿ ಹಿಡಿದಿತ್ತು. ಹೊಂಡದ ನೀರು ದಟ್ಟ ಹಸಿರಾಗಿತ್ತು. ನಸುಕಿನಲ್ಲಿ ಹಿತ್ತಲಿಗೆ ಹೋದ ಕಾಕಿ ಲಾಟೀನು ಹಿಡಿದು ನೋಡಿದರೆ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಅಂಚಿಗೆ ಒತ್ತಿ ನಿಂತಿವೆ. ಹಗಲಲ್ಲಿ ಬಿಸಿಲಿದ್ದರೆ ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ಮೀನಿನ ಹಾಗೆಯೇ ಅದನ್ನು ಹೀರುತ್ತದೆ. ಮೋಡದ ದಿನಗಳಲ್ಲಿ ಗಳಿಕೆ ಕಡಿಮೆ, ಖರ್ಚು ಅಷ್ಟೇ, ನಸುಕಿಗೆ ಖಾಲಿ. ಕಾಕಿಗೆ ಇದು ಯಾವುದೂ ಗೊತ್ತಿರಲಿಲ್ಲ. ಆದರೆ ಹರಿಯುವ ಹೊಳೆಯಲ್ಲಿ ಮೀನು ಹೀಗೆ ಬಾಯಿ ಬಿಡುವುದಿಲ್ಲ, ನಿಂತ ಮಡುವಿನಲ್ಲಿ ಬಿಡುತ್ತದೆ ಎಂಬುದನ್ನು ನೀರು ತರಲು ಹೋದಾಗ ಕಂಡಿದ್ದಳು. ಅಕ್ಕನ ಕೈಗೆ ಲಾಟೀನು ಕೊಟ್ಟು, ಸೀರೆಯ ನೆರಿಗೆ ಸಿಕ್ಕಿಸಿ, ಹೊಂಡದ ಅಂಚಿಗೆ ನಿಂತು, ಕೊಡದಲ್ಲಿ ಅದೇ ನೀರನ್ನು ಮೊಗೆದು ತಲೆಯೆತ್ತರದಿಂದ ಸುರಿದಳು. ಮತ್ತೆ ಮೊಗೆದು ಮತ್ತೆ ಸುರಿದಳು. ನೀರಿಗೆ ನೀರು ಬಡಿದು ನೊರೆಯೆದ್ದು, ಗಾಳಿ ಬೆರೆತು, ಸೂರ್ಯ ಮೇಲೆ ಬರುವ ತನಕ ಹಾಗೇ. ಅಳಿಯನ ಅಂಗಡಿಯವನು ಇದಕ್ಕೊಂದು ಯಂತ್ರ ಮಾರುತ್ತಾನೆ. ಆ ಶನಿವಾರ ಬಂದ ಕಾಕಾ, ಮೀನೊಂದೂ ಸಾಯದ್ದು ಕಂಡು, ಓಣಿಯಲ್ಲೆಲ್ಲ ಹೇಳಿಕೊಂಡು ಬಂದದ್ದು: "ಕಲ್ಲಿನ ತಂಪು ನೋಡ್ರಿ."

ಕಾಕಾ ಕೆಟ್ಟವನಲ್ಲ. ವಾರವಿಡೀ ಕಲ್ಲು ಎಬ್ಬಿಸಿ ಬಂದವನಿಗೆ ಸಂಜೆ ಹೊಂಡದ ಅಂಚಿಗೆ ಕೂತು, ಕಾಲು ಇಳಿಬಿಟ್ಟು, ಬೀಡಿ ಸೇದುವಷ್ಟು ಹಕ್ಕಿತ್ತು. ಹುಡುಗರ ಮೇಲೆ ಕೈ ಎತ್ತಿದವನಲ್ಲ. ಆದರೆ ಅವನು ಒಂದು ಕೊಡ ಎತ್ತಿದ್ದನ್ನು ಅಕ್ಕ ನೋಡಿಲ್ಲ. ನಾನೂ ನೋಡಿಲ್ಲ. ಅಷ್ಟು ವರ್ಷ ಅದೇ ಹಿತ್ತಲಲ್ಲಿ ಆಡಿ ಬೆಳೆದ ನನ್ನ ನೆನಪಿನಲ್ಲಿ ಕಲ್ಲಿದೆ, ಗೀಟಿದೆ, ಮೀನಿದೆ. ನೀರು ಮಾತ್ರ ತಾನಾಗಿಯೇ ಇತ್ತು. ಊರಿಗೇ ನೀರಿನ ತಾಪತ್ರಯವಿದ್ದ ಬೇಸಿಗೆಗಳಲ್ಲಿ, ವರತಿಗೆ ಪಾಳಿ ಹಚ್ಚಿ ನಿಂತ ಹೆಂಗಸರ ನಡುವೆ ನಮ್ಮ ಕಾಕಿ ತಿನ್ನದ ಮೀನಿಗಾಗಿ ಕೊಡ ತುಂಬುತ್ತಿದ್ದಾಗ ಅವರು ಏನಂದಿರಬೇಕು? ಅಕ್ಕನನ್ನು ಕೇಳಿದೆ. "ಅಂದದ್ದೆಲ್ಲ ಹೇಳಬೇಕೇನು?" ಎಂದಳು.

ಈಗ ಊರಲ್ಲಿ ನೀರಿನ ಚಿತ್ರವೇ ಬೇರೆ. ಸನ್ನತಿ ಬ್ಯಾರೇಜಿನಿಂದ ಭೀಮೆ ಒತ್ತಿ ನಿಲ್ಲುತ್ತಾಳೆ. ನಾವು ಧೋತರ ಎಳೆದ ಬಂಡೆಗಳ ಮೇಲೆ ನೀರಿದೆ. ಹರಗೋಲಿನ ಕೆಲಸ ಸೇತುವೆ ಮಾಡುತ್ತಿದೆ. 2014ರಲ್ಲಿ ಕೃಷಿ ಭಾಗ್ಯ ಬಂದ ಮೇಲೆ ಹೊಲಹೊಲಕ್ಕೂ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಾಗಿ, ಚಿಂಚೋಳಿ ಕಡೆಯ ಒಬ್ಬ ಗೆಳೆಯ ತನ್ನ ಹೊಂಡದಲ್ಲಿ ಕಟ್ಲಾ ಬಿಟ್ಟು ಹಬ್ಬಕ್ಕೆ ಹಿಡಿಯುತ್ತಾನೆ. ಅಷ್ಟು ದೊಡ್ಡ ಹೊಂಡದಲ್ಲಿ ಕಟ್ಲಾಗೆ ಮರ್ಯಾದೆಯಿದೆ. ಪಟ್ಟಣದ ಮನೆಗಳಿಗೆ ಡೆಂಗಿ ಸುದ್ದಿ ಎದ್ದಾಗ ಆರೋಗ್ಯ ಇಲಾಖೆಯವರು ಬಂದು ತೊಟ್ಟಿಗೆ ಗಪ್ಪಿ ಮೀನು ಬಿಟ್ಟು ಹೋಗುತ್ತಾರೆ, ಸೊಳ್ಳೆಯ ಮರಿ ತಿನ್ನಲೆಂದು. ನಮ್ಮ ಗಡುಸು ನೀರು ಗಪ್ಪಿಗೆ ಒಗ್ಗುತ್ತದೆ. ಅಳಿಯನಿಗೂ ಅದನ್ನೇ ಹೇಳಿದೆ: ಅಂಗಡಿಯ ಚಿನ್ನದ ಮೀನು ಬೇಸಿಗೆಯ 42–43 ಡಿಗ್ರಿಗೆ ತಡೆಯುವುದಿಲ್ಲ, ಗಪ್ಪಿ ಬಿಡು, ಹತ್ತರಿಂದ ಶುರು ಮಾಡು, ತಾವೇ ಹೆಚ್ಚುತ್ತವೆ. ಹೊಂಡದ ಅರ್ಧಕ್ಕೆ ನೆರಳು ಮಾಡು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಮೇವು. ತಿಕ್ಕುವುದು ಬಿಡು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬಕೆಟ್‌ಗಳಲ್ಲಿ ಒಂದು ದಿನ ಬಯಲಿಗಿಟ್ಟು ಆಮೇಲೆ ಹಾಕು. ದಿನಾ ಎರಡು ಬಕೆಟ್ ತೆಗೆದು ಗಿಡಕ್ಕೆ, ಎರಡು ಬಕೆಟ್ ಹೊಸದು. "ದಿನಾ ಯಾರು ಮಾಡಬೇಕು ಮಾಮಾ?" ಎಂದ. ಹೊಂಡ ಯಾರದೋ ಅವರೇ ಎಂದೆ. ಮನೆಯಲ್ಲಿ ಹೆಂಡತಿ ಇದ್ದಾಳೆ ಎಂಬರ್ಥದ ಒಂದು ಮೌನ ಆಚೆ ಕಡೆ ಕೇಳಿಸಿತು. ಅದನ್ನು ಅಕ್ಕ ನೋಡಿಕೊಳ್ಳುತ್ತಾಳೆ. ಆಕೆ ಈಗ ಅದೇ ಮನೆಯಲ್ಲಿದ್ದಾಳೆ.

ನಮ್ಮ ಹೊಂಡ ಹೋದದ್ದು ಪಾಲಾದಾಗ. ಅಪ್ಪ, ಕಾಕಾ ಬೇರೆಯಾದರು. ಅಷ್ಟರಲ್ಲಿ ಕಾಕಾನಿಗೆ ಖಣಿಯ ದೂಳಿನ ಕೆಮ್ಮು ಹತ್ತಿ, ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ಊರ ಹಿರಿಯರು ಹಗ್ಗ ಹಿಡಿದು ಹಿತ್ತಲನ್ನು ಅಳೆದರೆ ಗೋಡೆ ಸರಿಯಾಗಿ ಹೊಂಡದ ನಡುವೆ ಬಂತು. ಒಂದಡಿ ಈಚೆಗೆ ಸರಿಸಿಕೊಳ್ಳಿ ಎಂದು ಯಾರಾದರೂ ಅಂದಿದ್ದರೆ ಅದು ಉಳಿಯುತ್ತಿತ್ತು. ಅಪ್ಪನೂ ಅನ್ನಲಿಲ್ಲ, ಕಾಕಾನೂ ಅನ್ನಲಿಲ್ಲ. ಹಾಸುಗಲ್ಲುಗಳನ್ನು ಎಬ್ಬಿಸಿ ಇಬ್ಬರಿಗೂ ಸರಿಪಾಲು ಹಾಕಿದರು. ಗೀಟಿನ ಕಲ್ಲು ನಮ್ಮ ಪಾಲಿಗೆ ಬಂದು, ಬಚ್ಚಲಿಗೆ ಹಾಸಿ, ಗೀಟು ಕೆಳಮುಖವಾಯಿತು.

ಮೀನುಗಳನ್ನು ಯಾರೂ ಪಾಲು ಮಾಡಲಿಲ್ಲ. ಗಂಡಸರು ಹಗ್ಗದ ಹತ್ತಿರ ಜಗಳಾಡುತ್ತಿದ್ದಾಗ ಕಾಕಿ ಅಂಬಿಗರ ಮುತ್ಯಾನ ಮಗನನ್ನು ಕರೆಸಿ, ಹೊಂಡದ ಅಂಚಿಗೆ ತಕ್ಕಡಿ ಹಿಡಿಸಿ, ಕಟ್ಲಾ, ರೋಹು ಎಲ್ಲವನ್ನೂ ತೂಗಿ ಮಾರಿದಳು. ಮೀನು ಮುಟ್ಟದ ಮನೆಯ ಹೆಂಗಸು ಮೀನಿನ ದರಕ್ಕೆ ಚೌಕಾಶಿ ಮಾಡಿದ್ದನ್ನು ಓಣಿಯೇ ನಿಂತು ನೋಡಿತು. ದುಡ್ಡು ಸೆರಗಿನ ತುದಿಗೆ ಕಟ್ಟಿಕೊಂಡಳು. ಎಷ್ಟು ಬಂತು ಎಂದು ಕಾಕಾ ಕೇಳಿದ. ಹೇಳಲಿಲ್ಲ. ಅಪ್ಪ ಕೇಳಿದ. ಹೇಳಲಿಲ್ಲ. ಅಕ್ಕನಿಗೆ ಗೊತ್ತಿದೆ, ಮೊನ್ನೆ ಫೋನಿನಲ್ಲಿ ನಾನೂ ಕೇಳಿದೆ, ಅವಳೂ ಹೇಳಲಿಲ್ಲ.